ಗಿಟಾರಣ್ಣನ ರ‍್ಯಾಕು

ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಹಾದು ಹೋಗುವಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಸೀಸ ಕರಗಿದ ಆ ಘಾಟು, ಅದರೊಳಗೆ ಸ್ವಲ್ಪ ರಾಳದ ವಾಸನೆ... ಕಾಲು ಅಲ್ಲೇ ನಿಂತುಬಿಟ್ಟಿತು. ರಾಯದುರ್ಗದ ನಮ್ಮ ಓಣಿಯಲ್ಲಿ ಆ ವಾಸನೆ ಬರುತ್ತಿದ್ದುದು ಒಂದೇ ಮನೆಯಿಂದ, ಪಕ್ಕದ ಗಿಟಾರಣ್ಣನ ಮನೆಯಿಂದ.

ಅವರಿಗೆ ಹೆಸರು ಬೇರೆ ಇತ್ತು, ಹಾಗೆ ಯಾರೂ ಕರೆಯುತ್ತಿರಲಿಲ್ಲ. ಊರ ತುಂಬ ಜೀನ್ಸ್ ಕೆಲಸ ಜೋರಾಗಿದ್ದ ವರ್ಷಗಳು ಅವು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಹೊಲಿಯುತ್ತಿದ್ದೆವು. ನನ್ನದು ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್, ಅವರದು ಪ್ಯಾಂಟಿನ ಕಾಲಿಗೆ ಜೋಡಿ ಹೊಲಿಗೆ ಹಾಕುವ ಫೀಡಾಫ್ ಮಿಷನ್. ಅದರ ಅಬ್ಬರ ಹೇಳತೀರದು. ಮದುವೆ ಕಾಲ ಬಂತೆಂದರೆ ಮಾತ್ರ ಮಿಷನ್ ಬಿಟ್ಟು ಆರ್ಕೆಸ್ಟ್ರಾ ಪಾರ್ಟಿಯ ಜೊತೆ ಹೊರಡುತ್ತಿದ್ದರು. ಆಗ ಅವರ ನಡಿಗೆಯೇ ಬೇರೆ.

ಗಿಟಾರಿಗೊಂದು ರ‍್ಯಾಕು ಕಟ್ಟಬೇಕೆಂಬುದು ಅವರ ಹುಚ್ಚು. ಬೆಂಗಳೂರಿನಿಂದ ಗಿಟಾರಿನ ಸಣ್ಣ ದನಿಯನ್ನು ಎತ್ತಿಕೊಡುವ ಹಳೆಯ ಪ್ರೀ-ಆಂಪು, ಎಕೋ ಕೊಡುವ ಯೂನಿಟ್ಟು, ಸ್ಪೀಕರು ನಡೆಸುವ ಪವರ್ ಆಂಪು ಒಂದೊಂದಾಗಿ ತಂದರು. ಬಡಗಿಯ ಕೈಲಿ ಪೆಟ್ಟಿಗೆ ಮಾಡಿಸಿ, ಒಂದರ ಮೇಲೊಂದು ಕೂರಿಸಿ ಸ್ಕ್ರೂ ಬಿಗಿದರು. ಬಸ್ಸಿನ ಟಾಪಿನ ಮೇಲೆ ಕುಲುಕದಿರಲೆಂದು ಸುತ್ತ ಜೀನ್ಸ್ ಚಿಂದಿ ಮೆತ್ತಿದರು. ಹೊದಿಕೆಯನ್ನಂತೂ ಥೇಟ್ ಪ್ಯಾಂಟಿನ ಹಾಗೇ ಹೊಲಿದರು. ಬೆಲ್ಟಿನ ಪಟ್ಟಿ, ರಿವೆಟ್ಟು, ವೈರು ಇಡಲು ಹಿಂದೆ ಎರಡು ಜೇಬು. "ಜಿಪ್ಪೂ ಇಟ್ಟುಬಿಡ್ರಿ ಅಣ್ಣಾ" ಎಂದು ನಾವು ಕಾಡಿಸುತ್ತಿದ್ದೆವು.

ಓಣಿಯಲ್ಲೇ ಇದ್ದ ಶೆಡ್ಡಿನ ಮೋಟರುಗಳು ಓಡುತ್ತಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಅದಕ್ಕೆ ಮಿಷನ್ ನಿಲ್ಲಿಸುವ ಅಮಾವಾಸ್ಯೆಯ ದಿನವೇ ಅವರ ಪರೀಕ್ಷೆ. ಮೊದಲ ಸಲ ಗಿಟಾರಿನ ವೈರನ್ನು ನೇರ ಎಕೋಗೆ ಕೊಟ್ಟು, ಅಲ್ಲಿಂದ ಪ್ರೀ-ಆಂಪಿಗೆ ತಂದಿದ್ದರು. ದನಿಯೆಲ್ಲ ಕಲಸುಮೇಲೋಗರ. ಹಣೆ ಚಚ್ಚಿಕೊಂಡರು.

"ಹೊಲಿಯೋಕಿಂತ ಮೊದ್ಲ ವಾಷಿಂಗಿಗೆ ಹಾಕಿದಂಗಾತಲ್ಲಮ್ಮಾ!"

ದನಿಗೆ ಮೊದಲು ಪ್ರೀ-ಆಂಪಿನಲ್ಲಿ ಬಲ ಬರಬೇಕು, ಎಕೋ ಆಮೇಲೆ. ವೈರು ಅದಲು ಬದಲು ಮಾಡಿ ನುಡಿಸಿದರು... ನಾನು ಒಲೆಯ ಮೇಲಿನ ಒಗ್ಗರಣೆ ಮರೆತು ಹೊರಗೆ ಬಂದು ನಿಂತೆ. ಅವತ್ತಿನಷ್ಟು ಖುಷಿಯಾಗಿ ಅವರನ್ನು ಮತ್ತೆ ನೋಡಲಿಲ್ಲ.

ಒಂದೆರಡು ವರ್ಷ ಕಳೆದಿರಬೇಕು. ಅಮಾವಾಸ್ಯೆ ಬಂದರೆ ನನ್ನನ್ನು ಕೂರಿಸಿಕೊಂಡು ಕೀಚಲು ದನಿ ಏರಿಸುವ ಟ್ರೆಬಲ್ ಗುಂಡಿ ತಿರುಗಿಸುತ್ತಲೇ ಇರುತ್ತಿದ್ದರು.

"ಸಣ್ಣ ತಂತಿ ಕೇಳ್ತೈತೇನಮ್ಮಾ?"

"ಕಿವಿ ಹರಿದೋಗ್ತೈತ್ರಿ ಅಣ್ಣಾ, ಕಮ್ಮಿ ಮಾಡ್ರಿ."

"ಎಲ್ಲಿ? ಪೂರಾ ಮಂಕಾಗೈತಲ್ಲ. ಪ್ರೀ-ಆಂಪಿನ್ಯಾಗ ಏನೋ ಕೊರತಿ ಐತಿ."

ಮತ್ತೆ ರ‍್ಯಾಕು ಬಿಚ್ಚುವುದು, ಒಳಗೆ ಕೂತ ಜೀನ್ಸಿನ ನೀಲಿ ಧೂಳು ಊದುವುದು, ಇದ್ದಬದ್ದ ವೈರಿಗೆಲ್ಲ ಹೊಸ ಬೆಸುಗೆ. ಪ್ರೀ-ಆಂಪನ್ನೇ ಬದಲಾಯಿಸಿದರು, ಅದೂ ಮಂಕೆಂದರು. ಶೆಡ್ಡಿನಲ್ಲಿ ನಾವೆಲ್ಲ ಕೂಗಿಯೇ ಮಾತಾಡುವವರು, ಅರ್ಧ ಮಾತು ಕೈಸನ್ನೆಯಲ್ಲೇ ಮುಗಿಯುತ್ತಿತ್ತು. ಒಬ್ಬರ ಕಿವಿ ಹೋದರೆ ಗೊತ್ತಾಗುವ ಜಾಗವೇ ಅಲ್ಲ ಅದು. ಕೊರತೆ ರ‍್ಯಾಕಿನಲ್ಲೇ ಇದೆ ಎಂದು ನಾನೂ ನಂಬಿದ್ದೆ.

ಅವರ ಹೆಂಡತಿ, ನನಗೆ ಅಕ್ಕ, ರೊಳ್ಳದ ಕಡೆಯವರು. ಅವರ ಬಳಗದ ಮದುವೆ ಮಡಕಶಿರಾದಲ್ಲಿತ್ತು, ಆರ್ಕೆಸ್ಟ್ರಾ ಇವರ ಪಾರ್ಟಿಯದೇ. ಅಕ್ಕನ ಜೊತೆ ನಾನೂ ಹೋಗಿದ್ದೆ. ಸ್ಟೇಜಿನ ಮೇಲೆ ಅಣ್ಣ ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಪಕ್ಕದಲ್ಲಿ ರ‍್ಯಾಕು, ಕಾಲ ಬಳಿ ಅವರದೇ ಸಣ್ಣ ಸ್ಪೀಕರು. ಅಕ್ಕ ಮೊದಲ ಸಾಲಿನಲ್ಲಿ ಕೂತು ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಪ್ರೋಗ್ರಾಂ ಮುಗಿದ ಕೂಡಲೇ ಸ್ಟೇಜಿನ ಹತ್ತಿರ ಹೋದರು.

"ಯಾಕೆ, ಇವತ್ತು ಜೋರಾಗಿ ನುಡಿಸ್ಲೇ ಇಲ್ವಾ? ಎಲ್ಲಾರ್ದೂ ಕೇಳಿಸ್ತು, ನಿಮ್ದೊಂದೇ ಕೇಳಿಸ್ಲಿಲ್ಲ."

ಅಣ್ಣನಿಗೆ ತಿಳಿಯಲಿಲ್ಲ. ಅಕ್ಕ ಅದನ್ನೇ ಕೂಗಿ ಹೇಳಿದರು. ಅಣ್ಣ ಇಳಿದು, ಎಲ್ಲರ ದನಿ ಕೂಡಿಸಿ ಸಭೆಯ ದೊಡ್ಡ ಸ್ಪೀಕರಿಗೆ ಕಳಿಸುವ ಮಿಕ್ಸರಿನವನ ಬಳಿ ಹೋದರು. ಅವರ ವೈರು ಸಿಕ್ಕಿಸಿದ ಕಡೆ ದನಿಯನ್ನು ಪೂರ್ತಿ ಇಳಿಸಿಟ್ಟಿದ್ದರು. ಸಭೆಗೆ ಅವರ ಗಿಟಾರು ಹೋಗಿರಲೇ ಇಲ್ಲ.

"ಇವತ್ತೊಂದಿನಾನಾ?" ಎಂದರು.

ಮಿಕ್ಸರಿನವನು ವೈರು ಸುತ್ತತೊಡಗಿದ. ಪಾರ್ಟಿಯ ಹಿರಿಯರು ಬಂದು ಅಣ್ಣನ ಕೈ ಹಿಡಿದುಕೊಂಡರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ದಸರಾದಿಂದ ಹಿಂಗೇ ಐತ್ರಿ. ನಿಮ್ಮ ಟ್ರೆಬಲ್ ಜನ ತಡಕೊಳ್ಳವಲ್ರು. ಬರಬ್ಯಾಡ್ರಿ ಅನ್ನಾಕ ನಮಗ ಬಾಯಿ ಬರಲಿಲ್ಲ."

ಅಷ್ಟು ಮದುವೆಗಳಲ್ಲಿ ಅವರು ತಮಗೊಬ್ಬರಿಗೇ ನುಡಿಸಿಕೊಂಡಿದ್ದರು. ಅಣ್ಣ ಬೈಯಲಿಲ್ಲ, ಅಳಲಿಲ್ಲ. ರ‍್ಯಾಕಿಗೆ ಹೊದಿಕೆ ಹಾಕಿ ಗುಂಡಿ ಬಿಗಿದರು. ಬಸ್ಸಿನಲ್ಲಿ ಅಕ್ಕ ಮಾತ್ರ ಸೆರಗು ಬಾಯಿಗಿಟ್ಟುಕೊಂಡು "ನಾನ್ಯಾಕಾದ್ರೂ ಕೇಳಿದ್ನೋ" ಎಂದು ದಾರಿಯುದ್ದಕ್ಕೂ ಅತ್ತರು.

ರ‍್ಯಾಕನ್ನು ಯಾರಿಗೋ ಕೊಟ್ಟುಬಿಟ್ಟರು. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟರು. ಅಲ್ಲಿ ಸದ್ದು ಇಲ್ಲಿಗಿಂತ ಹೆಚ್ಚಂತೆ, ಯಾಕ ಹೋಗ್ತೀರಿ ಎಂದು ನಾನು ಕೂಗಿ ಕೇಳಿದೆ.

"ಇನ್ನ ನನಗೇನಮ್ಮಾ, ಎಲ್ಲಾ ಒಂದ" ಎಂದರು.

ಅಣ್ಣ ಅಲ್ಲೇ ತೀರಿಕೊಂಡರು. ಕೊನೆಕೊನೆಗೆ ಕೂಗಿದರೂ ಓಗೊಡುತ್ತಿರಲಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳಿದರು...

ಹೋದ ವಾರ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಸೊಸೆ ಬೀದಿಯಿಂದ ಓಡಿಬಂದು ಒಲೆ ಆರಿಸಿದಳು. ಬೇಳೆ ಸೀದು ಹೋಗಿತ್ತು. "ಈ ಕುಕ್ಕರು ಸೀಟಿನೇ ಹೊಡಿವಲ್ದು ನೋಡಮ್ಮಾ, ಹೊಸಾ ವಾಷರ್ ತರಬೇಕು" ಎಂದೆ. ಅವಳು ಕುಕ್ಕರು ಇಳಿಸಿ ನನ್ನ ಎದುರಿಗೆ ಬಂದು ನಿಂತಳು. ಆಮೇಲೆ "ತರೂನ್ರಿ ಅತ್ತಿ" ಎಂದು, ಎರಡನೇ ಸಲ, ಜೋರಾಗಿ ಹೇಳಿದಳು.