ಅಲ್ಲಾಡಿಸಿ ಕೇಳದ ಕಾಯಿ

"ಅಟ್ಟದ ಮ್ಯಾಲೆ ಕಾಯಿ ಅವೆ. ಅವನ್ನ ಮುಟ್ಬ್ಯಾಡಿ ಕಣಮ್ಮ" ಎಂದರು, ಶೆಟ್ಟಿಕೆರೆಯಲ್ಲಿ ನನಗೆ ಕೋಣೆ ಕೊಟ್ಟ ಯಜಮಾನರು. ನನಗೆ ಒಂದೇ ಕೋಣೆ, ತೆಂಗಿನಕಾಯಿಗೆ ಇಡೀ ಅಟ್ಟ. ನಮ್ಮೂರು ವಿಜಯಪುರದಲ್ಲಿ ನಾವು ಕಾಯಿಯನ್ನು ಅಲ್ಲಾಡಿಸುವುದು ನೀರಿದೆಯೇ ಎಂದು ತಿಳಿಯಲು. ಇಲ್ಲಿ ನೀರು ಇಂಗಿತೇ ಎಂದು ತಿಳಿಯಲು. ವರ್ಷ ತುಂಬುವ ಹೊತ್ತಿಗೆ ಒಳಗಿನ ತಿರುಳು ಒಣಗಿ, ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗಿ ಉರುಳಬೇಕು. ಅಲ್ಲಿಯತನಕ ಒಡೆಯುವಂತಿಲ್ಲ.

ನಾನು ಕೆಲಸಕ್ಕೆ ಸೇರಿದ ಕೊಬ್ಬರಿ ಕಂಪನಿಯಲ್ಲಿ ರಂಗಮ್ಮ ಹನ್ನೊಂದು ವರ್ಷದಿಂದ ಕೊಬ್ಬರಿ ಆರಿಸುತ್ತಿದ್ದರು, ದಿನಗೂಲಿಯಾಗಿ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ನನಗೆ ಕಲಿಸಿದವರೂ ಅವರೇ. "ಈ ವರ್ಷ ಖಾಯಂ ಆಗುತ್ತೆ" ಎಂದು ಮ್ಯಾನೇಜರು ಪ್ರತಿ ವರ್ಷ ಹೇಳುತ್ತಿದ್ದರು. ಆಫೀಸಿನಲ್ಲಿ ಭರವಸೆ ಮೇಲಿನಿಂದ ಇಳಿಯುತ್ತದೆ, ದುಡಿಮೆ ಕೆಳಗಿನಿಂದ ಏರುತ್ತದೆ, ಭರವಸೆ ಕೊಟ್ಟವರಿಗೆ ಖರ್ಚಿಲ್ಲ. ಇದು ನನ್ನ ವಾದ.

"ಇನ್ನಾ ಎಷ್ಟ್ ವರ್ಷ ನಂಬ್ತೀರಿ?" ಎಂದು ಕೇಳಿದೆ.

"ನಂಬ್ದೆ ಬೆಳಗ್ಗೆ ಬಸ್ ಹತ್ತಾಕಾಯ್ತದಾ? ಬುಡು ಕಣವ್ವ" ಎಂದರು ರಂಗಮ್ಮ.

 ವಾದದಲ್ಲಿ ಸೋತೆನೆಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ತಿಂಗಳ ಸಭೆಯಲ್ಲಿ ಎದ್ದು ನಿಂತು ಇದನ್ನೇ ವಾದಿಸಿದೆ. "ಯಾರಿಗೆ ಅನ್ಯಾಯ ಆಗಿದೆ, ಹೇಳಮ್ಮ" ಎಂದರು ಮ್ಯಾನೇಜರು. ಉದಾಹರಣೆಯಿಲ್ಲದ ವಾದ ನಿಲ್ಲುವುದಿಲ್ಲ ಎಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ರಂಗಮ್ಮನ ಹೆಸರು ಹೇಳಿಬಿಟ್ಟೆ. ಅದಕ್ಕೆ ಮುನ್ನ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರೂ ತಟ್ಟಿದರು.

ಮುಂದಿನ ಸೋಮವಾರ ನಾಲ್ವರು ಖಾಯಮಾದರು. ರಂಗಮ್ಮನಿಗೆ ಇನ್ನು ಬರಬೇಡಿ ಎಂದರು. ನನಗೆ ವಾರ್ಷಿಕ ಸಭೆಯ ನಿರೂಪಣೆ ಸಿಕ್ಕಿತು.

"ಈ ಸಲ ಖಾಯಂ ಪಟ್ಟೀಲಿ ನನ್ ಹೆಸ್ರಿತ್ತಂತೆ, ಮ್ಯಾನೇಜ್ರು ಅಂದ್ರು" ಎಂದರು ರಂಗಮ್ಮ, ಬುತ್ತಿ ಚೀಲ ಎತ್ತಿಕೊಳ್ಳುತ್ತ. "ಒಡೆಯಾಕ್ ಮುಂಚೆ ಒಂದ್ಸಲ ಅಲ್ಲಾಡ್ಸಿ ಕೇಳ್ಬಾರ್ದಿತ್ತಾ?"

ಹೆಸರು ನಿಜಕ್ಕೂ ಇತ್ತೇ? ಅದೂ ಮ್ಯಾನೇಜರ ಇನ್ನೊಂದು ಭರವಸೆಯಾಗಿತ್ತೇ? ಅವಧಿಗೆ ಮುನ್ನ ಒಡೆದ ಕಾಯಿ, ಹಾಗೇ ಬಿಟ್ಟಿದ್ದರೆ ಒಣಗುತ್ತಿತ್ತೋ, ಕೊಳೆಯುತ್ತಿತ್ತೋ, ಯಾವ ತರ್ಕದಿಂದಲೂ ಸಾಧಿಸಲಾಗದು. ರಂಗಮ್ಮ ಈಗ ಬೆಳಗಿನ ಬಸ್ಸಿನಲ್ಲಿಲ್ಲ. ಆ ಬಸ್ಸಿನಲ್ಲಿ ನಾನು ಇನ್ನೂ 'ಬಿಜಾಪುರದ ಹುಡುಗಿ'.

ಕಳೆದ ಸಲ ಊರಿಗೆ ಹೋದಾಗ ಅವ್ವ ಪೂಜೆಗೆ ಕಾಯಿ ಕೊಟ್ಟಳು. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ನೀರು ತುಳುಕಿತು. ನಮ್ಮೂರಲ್ಲಿ ಅದು ಒಳ್ಳೆಯ ಕಾಯಿ. ಶೆಟ್ಟಿಕೆರೆಯಲ್ಲಿ ಅದು ಇನ್ನೂ ಕಾಯಬೇಕಾದ ಕಾಯಿ.

"ಎಷ್ಟೊತ್ತ ಕೇಳ್ತಿ? ಒಡಿಯವಾ" ಎಂದಳು ಅವ್ವ.

ನಾನು ಇನ್ನೊಮ್ಮೆ ಅಲ್ಲಾಡಿಸಿದೆ. ಅವಳೇ ಕಸಿದುಕೊಂಡು ಒಡೆದಳು.