ಅಣ್ಣಿಗೇರಿಯವರ ಮನೆ ಮುಂದೆ ಅಕ್ಕನ ಕಾರು

ಆಗೆಲ್ಲ ನಮ್ಮ ತಿರ್ಲಾಪುರದಲ್ಲಿ ಕಾರಿದ್ದ ಮನೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ನಮ್ಮದು ಬಿಳಿಯ ಅಂಬಾಸಿಡರ್, ಅಪ್ಪ ಧಾರವಾಡದಲ್ಲಿ ಯಾರಿಂದಲೋ ಹಳೆಯದಾಗಿಯೇ ಕೊಂಡದ್ದು. ಓಣಿ ತುಂಬ ಸುಟ್ಟ ಹಸಿಗಡಲೆ ಸುಲಗಾಯಿಯ ವಾಸನೆ ಇರುತ್ತಿದ್ದ ಆ ಕಡಲೆ ಸುಗ್ಗಿಯಲ್ಲೇ ಗಿರಿಜಕ್ಕನಿಗೆ ಅಣ್ಣಿಗೇರಿಯ ಗಂಡು ಗೊತ್ತಾಗುವುದರಲ್ಲಿತ್ತು. ನನಗೆ ಹನ್ನೊಂದು, ಅವಳಿಗೆ ಇಪ್ಪತ್ತೆರಡು.

ಅವರು ಬಂದು ಅಕ್ಕನನ್ನು ನೋಡಿ ಒಪ್ಪಿದ್ದರು. ಗಂಡಿನ ಮನೆ ನೋಡಲು ಅಪ್ಪ, ಅವ್ವ, ನಾನು ಹೋದೆವು. ಶಿರಾ ತಿಂದು, ಚಹಾ ಕುಡಿದು ಹೊರಟರೆ ಕಾರು ಚಾಲೂ ಆಗಲಿಲ್ಲ. ಅಪ್ಪ ಚಾವಿ ತಿರುವಿದಷ್ಟೂ ಇಂಜಿನ್ ಬರೀ ನರಳಿತು. ಕಡೆಗೆ ಅವರ ಮನೆಯ ಗಂಡಸರೇ ದಬ್ಬಬೇಕಾಯಿತು. ಕಟ್ಟೆಯ ಮೇಲೆ ನಿಂತಿದ್ದ ಗಂಡಿನ ತಾಯಿ ಬಾಜೂ ಮನೆಯವಳಿಗೆ, ನಮಗೆ ಕೇಳುವಂತೆಯೇ ಅಂದಳು: "ದಬ್ಬಿದ್ರಷ್ಟ ನಡಿಯೂ ಮನಿತನ ನೋಡ್ರಿ ಇದು."

ಎಂಟು ದಿನಕ್ಕೆ ಬೇಡವೆಂದು ಸುದ್ದಿ ಬಂತು. ಕಟ್ಟೆಯ ಮೇಲಿನ ಮಾತನ್ನು ಅಪ್ಪ, ಅವ್ವ ಮುಚ್ಚಿಟ್ಟಿದ್ದರು. ಅಕ್ಕನಿಗೆ ಹೇಳಿದವಳು ನಾನು. ಅವಳು ಅಳಲಿಲ್ಲ.

"ಇನ್ನೊಮ್ಮಿ ಹೇಳು," ಅಂದಳು. ಹೇಳಿದೆ.

ಮರುದಿನ ಮುಂಜಾನೆ ಬಾನೆಟ್ ಎತ್ತಿದಳು. ಹೊಲದ ನೀರೆತ್ತುವ ಇಂಜಿನ್ನನ್ನು ಎಷ್ಟೋ ಸಲ ಬಿಚ್ಚಿ ಕೂಡಿಸಿದ ಕೈ ಅದು. ಬ್ಯಾಟರಿ ಹೋಗಿದೆ ಎಂದು ಅಪ್ಪ, ಪ್ಲಗ್ ಇರಬೇಕೆಂದು ಕಾಕಾ. ಅಕ್ಕ ಸ್ಪ್ಯಾನರ್ ಕೈಗೆತ್ತಿಕೊಂಡಳು. ಕಿಡಿ ಹಾರಬಾರದೆಂದು ಕಾಯಿಲ್ ವಾಯರ್ ಕಿತ್ತಿಟ್ಟು, ಕಾರ್ಬೊರೇಟರಿಗೆ ಹೋಗುವ ಪೆಟ್ರೋಲ್ ಪೈಪು ಬಿಚ್ಚಿ ಗಾಜಿನ ಬಾಟಲಿಯೊಳಗೆ ಇಳಿಬಿಟ್ಟಳು.

"ತಿರುವ್ ಬೇ."

ನಾನು ಚಾವಿ ತಿರುವಿದೆ. ಪಿಚಕಾರಿಯಂತೆ ಚಿಮ್ಮಬೇಕಾದ ಪೆಟ್ರೋಲು ಕೂಸಿನ ಜೊಲ್ಲಿನಂತೆ ಜಿನುಗಿತು. ಟ್ಯಾಂಕಿನ ಕಡೆಯ ಪೈಪಿಗೆ ಗಾಳಿ ಊದಿದಳು; ಹಿಂದೆ ಟ್ಯಾಂಕಿನೊಳಗೆ ಗುಳುಗುಳು ಸದ್ದಾಯಿತು.

"ದಾರಿ ಸಾಫ್ ಐತಿ. ಪಂಪಿಗೇ ದಮ್ಮಿಲ್ಲ," ಅಂದಳು.

ಪಂಪು ಬಿಚ್ಚಿದರೆ, ಒಳಗಿನ ರಬ್ಬರಿನ ಪರದೆಯಲ್ಲಿ ಕೂದಲೆಳೆಯಷ್ಟು ಸೀಳು. ಅದನ್ನು ಅವ್ವನ ಮುಂದೆ ಹಿಡಿದು, "ಇಷ್ಟಕ್ಕ ನೋಡವ್ವಾ ನನ್ನ ಮದವಿ ಮುರದದ್ದು," ಅಂದಳು. ಅವ್ವ ಒಳಗೆ ಹೋದಳು.

ಹುಬ್ಬಳ್ಳಿಯಿಂದ ಹೊಸ ಪರದೆ ತಂದು ಹಾಕಿದ ದಿನ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಅವತ್ತು ಅಕ್ಕ ಮುರಿದುಕೊಟ್ಟ ರೊಟ್ಟಿಯೂ ಪೆಟ್ರೋಲು ನಾರುತ್ತಿತ್ತು. ನಾನು ತಿಂದೆ.

ಮುಂದಿನ ವಾರದಿಂದ ಶುರುವಾಯಿತು. ಅಕ್ಕ ತಾನೇ ಕಾರು ನಡೆಸಿಕೊಂಡು ಅಣ್ಣಿಗೇರಿ ಸಂತೆಗೆಂದು ನನ್ನನ್ನೂ ಕರೆದೊಯ್ದು, ಆ ಮನೆಯ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಬಂದ್ ಮಾಡುವಳು. ಇಬ್ಬರೂ ಸುಲಗಾಯಿ ಸುಲಿದು ತಿನ್ನುತ್ತ, ಸಿಪ್ಪೆಯನ್ನು ಅವರ ಅಂಗಳಕ್ಕೆ ಎಸೆಯುತ್ತ ಕೂರುತ್ತಿದ್ದೆವು. ಆ ಹೆಂಗಸು ಹೊರಗೆ ಬಂದ ಮೇಲೆಯೇ ಚಾವಿ ತಿರುವುವುದು. ಗರ್ ಎಂದು ಚಾಲೂ. ನಾಲ್ಕನೆಯ ಸಂತೆಯ ಹೊತ್ತಿಗೆ ಅವಳು ನಮ್ಮನ್ನು ಕಂಡೊಡನೆ ಬಾಗಿಲು ಹಾಕಿಕೊಂಡಳು.

ಐದನೆಯ ಸಂತೆಯಿಂದ ಮರಳುವಾಗ ಊರಾಚೆ ರಸ್ತೆಯಲ್ಲಿ ಅವಳೇ ಸಿಕ್ಕಳು. ಜೊತೆಗೆ ಕಾಲಿಗೆ ಬಟ್ಟೆ ಸುತ್ತಿಕೊಂಡ ಗಂಡ. ಎದುರು ಬಿಸಿಲಿಗೆ ಯಾರ ಕಾರೆಂದು ತಿಳಿಯದೆ ಕೈ ಮಾಡಿದಳು. ಅಕ್ಕ ನಿಲ್ಲಿಸಿದಳು.

"ಬಸ್ ತಪ್ಪಿತ್ರಿ. ನವಲಗುಂದದ ದವಾಖಾನಿಗೆ ಹೊಂಟೀವಿ," ಎಂದು ಬಗ್ಗಿದವಳು ಆಗ ಗುರುತು ಹಿಡಿದಳು. ಗಂಡನ ಕಾಲಿನ ಕಡೆ ನೋಡಿ, "ತಪ್ಪಾತವ್ವಾ. ಇವರನ್ನಷ್ಟರ ಹತ್ತಿಸ್ಕೋ," ಅಂದಳು.

"ಬ್ಯಾಡ್ರಿ," ಅಂದಳು ಅಕ್ಕ. "ದಾರ್ಯಾಗ ನಿಂತ್ರ ನೀವ ದಬ್ಬಬೇಕಾಕ್ಕೈತಿ."

"ಬಿಡು, ನಡಕೊಂತ ಹೋಗೂಣು," ಎಂದು ಮುದುಕ ಹೆಂಡತಿಗೆ ಹೇಳಿದ್ದು ಕೇಳಿಸಿತು. ನಾವು ಧೂಳೆಬ್ಬಿಸಿ ಹೊರಟೆವು. ನಾನು ನಕ್ಕೆ, ಅಕ್ಕನೂ ನಕ್ಕಳು. ಆಮೇಲೆ ಅವಳು ಮತ್ತೆ ಅಣ್ಣಿಗೇರಿಯ ಕಡೆ ಕಾರು ತಿರುಗಿಸಲಿಲ್ಲ.

ಅಂಬಾಸಿಡರ್ ಗುಜರಿಗೆ ಹೋಗಿ ವರ್ಷಗಳಾದವು. ಅಕ್ಕ ದೇವಿಕೊಪ್ಪದ ಸೊಸೆಯಾಗಿ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಹಬ್ಬಕ್ಕೆ ಸೇರಿದಾಗ ಮಂಡಿನೋವಿನ ಮಾತಾಡುತ್ತೇವೆ. ಹೋದ ಸಲ ನಾನು ಆ ದಿನದ ಮಾತು ತೆಗೆದರೆ, "ಅದನ್ಯಾಕ ತಗೀತಿ, ಸುಮ್ನಿರು," ಎಂದು ಎದ್ದು ಹೋದಳು. ಅವರಿಬ್ಬರನ್ನು ಬಿಸಿಲಲ್ಲಿ ಬಿಟ್ಟು ಬಂದದ್ದಕ್ಕೆ ನನಗೆ ಇವತ್ತಿಗೂ ಪೂರಾ ಪಶ್ಚಾತ್ತಾಪವಿಲ್ಲ. ಆದರೆ ಒಂದೇ ಸಿಟ್ಟನ್ನು ಇಬ್ಬರೂ ಹಂಚಿಕೊಂಡು ಆ ಸೀಟಿನ ಮೇಲೆ ಕೂತಿದ್ದಾಗ ಇದ್ದಷ್ಟು ಹತ್ತಿರ, ನಾನೂ ಅಕ್ಕನೂ ಮತ್ತೆ ಯಾವತ್ತೂ ಆಗಲಿಲ್ಲ.