ಅಜ್ಜಿ ನಡೆದ ಆರು ಮೈಲಿ

1968ರ ಜನವರಿ. ಸಂಕ್ರಾಂತಿ ಕಳೆದ ಮೇಲಿನ ಎರಡನೆಯ ಬುಧವಾರ ಬೆಳಿಗ್ಗೆ ಏಳು ಹತ್ತಕ್ಕೆ ನಾನೂ ನನ್ನ ಅಜ್ಜಿ ಮಾದಮ್ಮನೂ ಅಗರದಲ್ಲಿ ಬಸ್ಸು ಹತ್ತಿದೆವು. ಹನೂರಿನ ಆಚೆ, ಕಾಡಂಚಿನ ಹಳ್ಳಿಯಲ್ಲಿರುವ ಅವಳ ತಂಗಿ ಕೆಂಪಮ್ಮನನ್ನು ನೋಡಿ ಬರುವುದಿತ್ತು. ಹೊರಡುವ ಮುಂಚೆ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು. ಎಪ್ಪತ್ತರ ಆಸುಪಾಸಿನ ಅಜ್ಜಿ ದಸರೆಯಿಂದೀಚೆಗೆ ಎರಡು ಸಲ ಬಿದ್ದಿದ್ದಳು, ಒಮ್ಮೆ ಕೊಟ್ಟಿಗೆಯಲ್ಲಿ, ಒಮ್ಮೆ ಕೆರೆ ಏರಿಯ ಮೇಲೆ. ಈ ಪ್ರಯಾಣದಲ್ಲಿ ಒಂದೇ ಒಂದು ಸಲ ಬಿದ್ದರೂ ಇನ್ನು ಮುಂದೆ ಅಂಗಳ ದಾಟುವಂತಿಲ್ಲ ಎಂದು ಅಪ್ಪ ಹೇಳಿದ್ದರು. ದಿನಚರಿ ಬರೆಯುವ ಅಭ್ಯಾಸ ನನಗಿದ್ದುದರಿಂದ ಲೆಕ್ಕ ಇಡುವ ಕೆಲಸ ನನ್ನದಾಯಿತು.

"ಇದ್ದದ್ದು ಇದ್ದಂಗೆ ಬರ್ಕ ಬಾ," ಎಂದರು ಅಪ್ಪ.

"ಬರ್ಕತದೆ ಬುಡು," ಎಂದಳು ಅಜ್ಜಿ. "ನಾನೇನು ಬೀಳಕೆ ಓಯ್ತಿದ್ದೀನಾ?"

ಅವಳ ಕೈಗೆ ಅಪ್ಪ ಊರುಗೋಲು ಕೊಟ್ಟಿದ್ದರು. ತಂಗಿಗೆಂದು ಕಟ್ಟಿದ್ದ ಕುಕ್ಕೆಯನ್ನು ಅವಳು ಹೊರಕೂಡದೆಂದು ನನ್ನ ತಲೆಗೇರಿಸಿದ್ದರು. ಅದರೊಳಗೆ ನಾಲ್ಕು ತೆಂಗಿನಕಾಯಿ, ಎಂಟು ಅಚ್ಚು ಬೆಲ್ಲ.

ಕೊಳ್ಳೇಗಾಲದಲ್ಲಿ ಇಳಿದು ಇಡ್ಲಿ ತಿಂದು, ಒಂಬತ್ತು ಗಂಟೆಗೆ ಹನೂರಿನ ಬಸ್ಸು ಹಿಡಿದೆವು. ತಲೆಗೆ ತೊಂಬತ್ತು ಪೈಸೆ. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಅಜ್ಜಿ ಹತ್ತಲು ತಡಮಾಡಿದಳು.

"ಮನೇಲಿ ಸುಮ್ನೆ ಕುಂತಿರಬಾರ್ದಾ ಅಜ್ಜಿ?" ಎಂದ ಕಂಡಕ್ಟರು.

"ನಿನ್ನ ಬಸ್ಸು ನನಗಿಂತ ಎಚ್ಚಾಗಿ ಅಲ್ಲಾಡ್ತದೆ ಕಣಪ್ಪ. ಮೊದ್ಲು ಅದ ಮನೇಲಿ ಕುಂಡ್ರುಸು."

ಹನೂರು ತಲುಪಿದಾಗ ಹತ್ತೂವರೆ. ಅಲ್ಲಿಂದ ಮುಂದೆ ಬಸ್ಸಿಲ್ಲ, ಗಾಡಿದಾರಿಯಲ್ಲಿ ಮೂರು ಮೈಲಿ ನಡೆಯಬೇಕು. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ ಎಂದು ನಾನು ಎಣಿಸುತ್ತ ಹೋದೆ. ಒಂದು ಕೈ ತಲೆಯ ಮೇಲಿನ ಕುಕ್ಕೆಗೆ, ಇನ್ನೊಂದರಲ್ಲಿ ಅಜ್ಜಿಯ ತೋಳು. ಅವಳು ಕೋಲನ್ನು ಎಲ್ಲಿ ಊರಲಿ ಎಂದು ನೆಲ ನೋಡುತ್ತ, ಬಗ್ಗಿಕೊಂಡೇ ನಡೆದಳು. ಮೊದಲ ಮೈಲಿಯಲ್ಲಿ ಒಂಬತ್ತು ಸಲ ಎಡವಿದಳು.

ಮೈಲಿ ಮುಗಿದಲ್ಲಿ ಒಂದು ಹಳ್ಳ ಬಂತು. ನೀರು ಪಾದ ಮುಳುಗುವಷ್ಟೇ ಇದ್ದರೂ ಕಲ್ಲುಗಳಿಗೆ ಪಾಚಿ ಕಟ್ಟಿತ್ತು. ಅಜ್ಜಿ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಾಲಿಡುವಾಗ ನನಗೆ ಭಯವಾಗಿ ತೋಳನ್ನು ಜಗ್ಗಿ ಹಿಡಿದೆ. ತೂಕ ನನ್ನ ಕಡೆಗೆ ವಾಲಿ, ಅವಳು ಮಗ್ಗುಲಾಗಿ ದಡದ ಮರಳಿಗೆ ಬಿದ್ದಳು. ಮೊಣಕೈ ತರಚಿತು.

ಎತ್ತಲು ಹೋದೆ. "ದೂರ ನಿಂತ್ಕ," ಎಂದಳು. ಒಂದು ಗಳಿಗೆ ಹಾಗೇ ಮಲಗಿ ಉಸಿರು ತಂದುಕೊಂಡಳು. ಆಮೇಲೆ ಬೋರಲಾಗಿ ತಿರುಗಿ, ಅಂಗೈ ಮೊಣಕಾಲು ಊರಿ, ದೊಡ್ಡ ಕಲ್ಲೊಂದರವರೆಗೆ ಅಂಬೆಗಾಲಲ್ಲಿ ಹೋಗಿ, ಅದನ್ನು ಹಿಡಿದು ಎದ್ದು ನಿಂತಳು.

"ಬರ್ಕಂಡಾ?"

ನನಗೆ ಬರೆಯಲು ಮನಸ್ಸು ಬರಲಿಲ್ಲ. "ಅಜ್ಜಿ, ಇದ ಬುಟ್ಬುಡಾನಾ? ಎಳ್ದದ್ದು ನಾನು."

"ಬಿದ್ದದ್ದು ನಾನು. ಬರಿ. ಎಳ್ದದ್ದನ್ನೂ ಬರಿ."

ಬರೆದೆ. ಅವಳು ಕೋಲನ್ನು ನನ್ನ ಕೈಗೆ ತುರುಕಿ, ಸೆರಗನ್ನು ಸುರುಳಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, "ಎತ್ತು ಕುಕ್ಕೆಯ," ಎಂದಳು. ಅಪ್ಪನ ಮಾತು ನೆನಪಿಸಿದೆ. "ನಿಮ್ಮಪ್ಪ ಉಟ್ಟಕ್ಕೆ ಮುಂಚಿಂದ ಒತ್ತಿವ್ನಿ, ಎತ್ತಮ್ಮಿ."

ಕುಕ್ಕೆ ತಲೆಗೇರಿದೊಡನೆ ಅವಳ ಬೆನ್ನು ನೆಟ್ಟಗಾಯಿತು. ಕಣ್ಣು ಮುಂದಿನ ದಾರಿಯ ಮೇಲೆ ನಿಂತಿತು. ಬರಿಗಾಲಿನ ಬೆರಳುಗಳು ನೆಲವನ್ನು ತಡವಿ ನೋಡಿಯೇ ಭಾರ ಬಿಟ್ಟವು. ಎರಡನೆಯ ಮೈಲಿಯಲ್ಲಿ ಎಡವಿದ್ದು ಎರಡು ಸಲ, ಮೂರನೆಯದರಲ್ಲಿ ಒಮ್ಮೆಯೂ ಇಲ್ಲ. ಕಾರಣ ಕೇಳಿದೆ.

"ತಲೆ ಮ್ಯಾಲೆ ಒರೆ ಇದ್ರೆ ಮೈ ತಾನೇ ತೂಕ ಇಡೀತದೆ. ನೀನು ಕೈ ಇಡ್ಕಂಡ್ರೆ ನಿನ್ನ ಕಾಲಿನ ಅಳತೇಲಿ ನಾನು ನಡೀಬೇಕು. ನನ್ನ ಕಾಲು ನಿಂಗೆಂಗೆ ಗೊತ್ತು?"

ಮೂರನೆಯ ಮೈಲಿ ಮುಗಿದಲ್ಲಿ ಕೆಂಪಮ್ಮನ ಮನೆ. ಅವಳು ಅಜ್ಜಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಒಮ್ಮೆಯೂ ಬಿದ್ದವಳಲ್ಲ. ಬಿದ್ದಾಳೆಂದು ಮಕ್ಕಳು ವರ್ಷದಿಂದ ಅವಳನ್ನು ಜಗಲಿಯಿಂದ ಇಳಿಸಿರಲಿಲ್ಲ. ಊಟ, ನೀರು ಎಲ್ಲ ಕುಳಿತಲ್ಲಿಗೇ ಬರುತ್ತಿತ್ತು. ಸೊಸೆ ಅದನ್ನು ಹೆಮ್ಮೆಯಿಂದಲೇ ಹೇಳಿದಳು. ಅಜ್ಜಿ ತಂಗಿಯ ಮೀನಖಂಡವನ್ನು ಹಿಸುಕಿ ನೋಡಿದಳು. ಅಲ್ಲಿ ಬರೀ ಚರ್ಮವಿತ್ತು.

ಗುರುವಾರ ಬೆಳಿಗ್ಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದಾದ ಮೇಲೆ ಅಜ್ಜಿ, "ಏಳೇ," ಎಂದಳು.

"ನನ್ ಕೈಲಿ ಆಗಲ್ಲ ಕಣಕ್ಕ."

"ಆಗಲ್ಲ ಅಂದದ್ದು ನಿನ್ ಕಾಲಾ, ನಿನ್ ಸೊಸೆಯಾ?"

ಸೊಸೆ ಮುಖ ತಿರುಗಿಸಿದಳು. ಕೆಂಪಮ್ಮ ಕಂಬ ಹಿಡಿದು ನಡುಗುತ್ತ ಎದ್ದಳು. ಬೆಳಿಗ್ಗೆ ಹನ್ನೆರಡು ಹೆಜ್ಜೆ, ಸಂಜೆ ಹತ್ತೊಂಬತ್ತು. ಅಜ್ಜಿ ಮುಟ್ಟದೆ, ಒಂದು ಮೊಳ ದೂರದಲ್ಲಿ ಬೈಯುತ್ತ ಜೊತೆಗೆ ನಡೆದಳು.

ಶುಕ್ರವಾರ ವಾಪಸು. ಕುಕ್ಕೆಯಲ್ಲಿ ನಾಲ್ಕು ಸೇರು ಹುರುಳಿ, ಅಜ್ಜಿಯ ತಲೆಯ ಮೇಲೆ. ಹಳ್ಳದಲ್ಲಿ ನಾನು ಎರಡು ಹೆಜ್ಜೆ ಹಿಂದೆ ನಿಂತೆ, ಕೈಗಳನ್ನು ಕಟ್ಟಿಕೊಂಡು. ಹಾಗೆ ನಿಲ್ಲುವುದು ಸುಲಭವಿರಲಿಲ್ಲ. ಮೂರು ಮೈಲಿಗೆ ಎಡವಿದ್ದು ಮೂರು, ಬಿದ್ದದ್ದು ಸೊನ್ನೆ.

ಸಂಜೆ ನಾಲ್ಕೂವರೆಗೆ ಮನೆ. ಅಪ್ಪ ದಿನಚರಿ ಪುಸ್ತಕ ಕೇಳಿ ಪಡೆದು, ಜಗಲಿಯಲ್ಲಿ ಕುಳಿತು ಪೂರ್ತಿ ಓದಿದರು. ಬೆರಳು ಬುಧವಾರದ ಸಾಲಿನ ಮೇಲೆ ನಿಂತಿತು.

"ಅವ್ವ, ಬಿದ್ದಿದ್ದೀಯ."

"ಊಂ ಕಣ್ಲಾ, ಬಿದ್ದೆ. ಎದ್ದದ್ದನ್ನೂ ಬರ್ದದೆ, ಓದು."

"ಮಾತು ಅಂದ್ರೆ ಮಾತು. ಇನ್ನು ಅಂಗಳದಾಚೆಗೆ ಬ್ಯಾಡ."

"ಮಾತು ತಪ್ತಾ ಇವ್ನಿ, ಬರ್ಕ. ಬಿದ್ರೆ ಏಳಕೆ ನಂಗೆ ಬತ್ತದೆ. ವರ್ಸ ಕುಂತವಳಿಗೆ ಏಳಕೇ ಬರಲ್ಲ, ಕಣ್ಣಾರೆ ನೋಡ್ಕ ಬಂದಿವ್ನಿ."

ಒಳಗಿನಿಂದ ಖಾಲಿ ಬಿಂದಿಗೆ ತಂದಳು. ಅಂಗಳ ದಾಟಿ ಬಾವಿಯ ಕಡೆ ಹೊರಟಳು. ಅಪ್ಪ ಗಾಬರಿಯಿಂದ ಎದ್ದು ಅವಳ ತೋಳಿಗೆ ಕೈ ಚಾಚಿದರು. ನಾನು ಅಡ್ಡ ಬಂದೆ. ಅಪ್ಪನಿಗೆ ಎದುರು ನಿಂತದ್ದು ಅದೇ ಮೊದಲು.

"ಇಡೀಬ್ಯಾಡಿ ಅಪ್ಪ. ಬೇಕಾದ್ರೆ ಜೊತೇಲಿ ನಡೀರಿ."

ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅಜ್ಜಿಯಿಂದ ಒಂದು ಮೊಳ ದೂರದಲ್ಲಿ, ಅವಳ ಹೆಜ್ಜೆಯ ಅಳತೆಗೆ ತಮ್ಮದನ್ನು ಕುಗ್ಗಿಸಿಕೊಂಡು ಬಾವಿಯವರೆಗೂ ನಡೆದರು.